ಸೋಸಿದ ದನಿ

ನನ್ನ ಅಣ್ಣ ಶ್ರೀಪಾದ ಸತ್ತ ಮೇಲೆ ಬಹಳ ಚೆನ್ನಾಗಿ ಮಾತಾಡತೊಡಗಿದ. ಇದನ್ನು ಮೊದಲು ಗುರುತಿಸಿದವಳು ನಾನಲ್ಲ. ಒಡಹುಟ್ಟಿದವಳು, ಮೇಲಾಗಿ ಹೈಸ್ಕೂಲಿನಲ್ಲಿ ಶಬ್ದ, ಅಲೆ, ಕಂಪನ ಎಂದು ಜೀವಮಾನವಿಡೀ ಪಾಠ ಹೇಳಿದವಳು ಎಂಬ ಜಂಬ ನನಗಿತ್ತು. ಗುರುತಿಸಿದವಳು ನನ್ನ ವೈನಿ, ಅವನ ಹೆಂಡತಿ ಮಂದಾಕಿನಿ.

ಅಂದು ಅವನ ತಿಥಿ. ಊಟಕ್ಕೆ ಬಂದವರು ದಕ್ಷಿಣೆ ತೆಗೆದುಕೊಂಡು ಹೋಗಿದ್ದರು. ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾವಿಬ್ಬರೇ ಉಳಿದಿದ್ದೆವು. ಅಣ್ಣ ವೈನಿಗೆ ಮಕ್ಕಳಿಲ್ಲ, ನಾನು ಮದುವೆಯ ಗೊಡವೆಗೆ ಹೋದವಳಲ್ಲ. ಅಣ್ಣ ಹೋದಂದಿನಿಂದ ಈ ಮನೆಯಲ್ಲಿ ಜಗಳಕ್ಕೂ ನಾವಿಬ್ಬರೇ, ರಾಜಿಗೂ ನಾವಿಬ್ಬರೇ. ಅವನ ದನಿ ಕೇಳೋಣವೆಂದು ನಾನು ಗೋಡೆಗೆ ಹೇಳಿದೆ. ಈಗೆಲ್ಲ ಯಂತ್ರ ಇರುವುದು ಗೋಡೆಯೊಳಗೇ, ಹೇಳುವುದು ಗೋಡೆಗೇ ತಾನೆ? ಯಾವುದೋ ದಸರೆಯಲ್ಲಿ ಅವನು ಫೋನಿನಲ್ಲಿ ಹೇಳಿ ಎಲ್ಲರಿಗೂ ಕಳಿಸಿದ್ದ ಮಾತು ಬಂತು. "ಬನ್ನಿ ತೊಗೊಂಡು ಬಂಗಾರಧಂಗ ಇರೋಣ. ನಾವೂ ನೀವೂ ಎಲ್ಲಾರೂ."

ನನ್ನ ಕಣ್ಣು ತುಂಬಿದವು. ವೈನಿ ಉಳಿದ ಬಾಳೆಲೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ವತ್ಸಲಾ, ಬಂದ್ ಮಾಡು ಅದನ್ನ."

"ಯಾಕ ವೈನಿ? ಸಂಕಟ ಆಗ್ತದೇನು?"

"ಸಂಕಟ ಆಗಿದ್ರ ಛಲೋ ಆಗ್ತಿತ್ತು. ಇವರು ಅವರಲ್ಲ."

"ಅವನಽ ದನಿ. ಅವನಽ ಮಾತು."

"ಹೌದು. ಆದ್ರ ಏನೋ ಒಂದು ಇಲ್ಲ ಇದರಾಗ. ಏನಂತ ನನಗ ಹೇಳ್ಲಿಕ್ಕೆ ಬರೂದಿಲ್ಲ. ಯಾರೋ ಅವರ ಅಂಗಿ ಹಾಕ್ಕೊಂಡು ಬಂದು ನಿಂತಂಗ ಆಗ್ತದ."

ನಾನು ಬಂದ್ ಮಾಡಿದೆ. ಮುದುಕಿಯಾದಳು, ಕಿವಿ ಮಂದವಾಗಿರಬೇಕು ಎಂದುಕೊಂಡೆ. ಆದರೆ ಅವಳು ಹೇಳಿದ್ದು ವಿಜ್ಞಾನದ ಪ್ರಕಾರವೂ ಸರಿಯಾಗಿಯೇ ಇತ್ತು.

ಈಗಿನ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟ. ಒಂದು ಕಾಲದಲ್ಲಿ ತೆಗೆದ ಫೋಟೋವನ್ನು ತೆಗೆದ ಹಾಗೇ, ಹಿಡಿದ ದನಿಯನ್ನು ಹಿಡಿದ ಹಾಗೇ ಎಲ್ಲೋ ಒಂದು ಕಡೆ ಇಡುತ್ತಿದ್ದರು. ಜಗತ್ತಿನ ಜನರೆಲ್ಲ ಬೆಳಿಗ್ಗೆ ತಿಂದ ಇಡ್ಲಿಯಿಂದ ಹಿಡಿದು ನೆರೆಮನೆಯ ಬೆಕ್ಕಿನವರೆಗೆ ಎಲ್ಲವನ್ನೂ ಹಿಡಿದಿಡತೊಡಗಿದರು. ಇಡುವ ಕಟ್ಟಡಗಳಿಗೆ ಕರೆಂಟು ಸಾಲಲಿಲ್ಲ, ಅವನ್ನು ತಣಿಸುವ ನೀರೂ ಸಾಲಲಿಲ್ಲ. ಆಗ ಬಂದದ್ದು 'ಸಾರ' ಪದ್ಧತಿ. ಉಪ್ಪಿನಕಾಯಿಯ ಭರಣಿ ಯಾಕೆ ಬೇಕು, ಮಾಡುವ ವಿಧಾನ ಬರೆದಿಟ್ಟರೆ ಸಾಲದೇ? ಸಾರ ಮಾಡಿದ್ದು ಇಷ್ಟೇ. ಒಬ್ಬನ ದನಿಯ ಗುಣ ಎಂಥದು, ಅವನು ಆಡಿದ ಮಾತೇನು, ಇಷ್ಟನ್ನು ಚಿಟಿಕೆಯಷ್ಟು ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಉಳಿದದ್ದನ್ನು ಎಸೆಯುತ್ತದೆ. ನೀವು ಕೇಳಿದಾಗ ಹೊಸದಾಗಿ ಮಾಡಿ ಬಡಿಸುತ್ತದೆ.

ಜನ ಹೊಂದಿಕೊಂಡರು. ಹೊಂದಿಕೊಂಡರು ಎನ್ನುವುದಕ್ಕಿಂತ ಖುಷಿಪಟ್ಟರು ಎನ್ನಬೇಕು. ಮದುವೆಯ ಫೋಟೋಗಳಲ್ಲಿ ಕಣ್ಣು ಮುಚ್ಚಿದ್ದ ಅತ್ತೆಯಂದಿರು ಕಣ್ಣು ತೆರೆದರು, ನಾಮಕರಣದಲ್ಲಿ ಅಳುತ್ತಿದ್ದ ಕೂಸುಗಳು ನಕ್ಕವು. ಬೇಡ ಎನ್ನುವವರು ಯಾರು? ನಮ್ಮ ಹಳೆಯ ಫೋನುಗಳಲ್ಲಿದ್ದದ್ದೆಲ್ಲ ಒಂದು ದಿನ ತಾನಾಗಿಯೇ ಸಾರಕ್ಕೆ ಹೋಯಿತು. ಮೂಲ ಎಂಬುದು ಎಲ್ಲಿಯೂ ಉಳಿಯಲಿಲ್ಲ.

ಎಲ್ಲಿಯೂ ಅಂದರೆ, ನಮ್ಮಂಥ ಕೆಲವು ಹುಚ್ಚರ ಗೋದಾಮು ಬಿಟ್ಟು.

ಮುಚ್ಚಿಹೋದ ಹತ್ತಿ ಗಿರಣಿಯೊಂದರ ಗೋದಾಮಿನಲ್ಲಿ ನಮ್ಮ ಹಳೆ ಕಂಪ್ಯೂಟರಿನವರ ಬಳಗ ಪ್ರತಿ ರವಿವಾರ ಸೇರುತ್ತದೆ. ಆರೇಳು ಜನ, ಎಲ್ಲರಿಗೂ ಕನ್ನಡಕ. ನಾವು ಅರ್ಧ ಶತಮಾನ ಹಳೆಯ ಕಂಪ್ಯೂಟರುಗಳನ್ನು ಗುಜರಿಯಿಂದ ಎತ್ತಿ ತಂದು ಜೀವ ಬರಿಸುತ್ತೇವೆ. ಅವುಗಳಿಂದ ಏನು ಉಪಯೋಗ ಎಂದು ಕೇಳಿದವರಿಗೆ ನಿಮ್ಮಿಂದ ಏನು ಉಪಯೋಗ ಎಂದು ಕೇಳುತ್ತೇವೆ. ಬಳಗದ ಜೀವಾಳ ಇಸ್ಮಾಯಿಲ್ ಬಿಳೇಪಸಾರ. ಮೊದಲು ಟೀವಿ ರಿಪೇರಿ ಮಾಡುತ್ತಿದ್ದ ಮನುಷ್ಯ, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಟೀಚರಮ್ಮ ಎಂಬ ಮರ್ಯಾದೆಗೆ ನನ್ನನ್ನು ಅಕ್ಕಾರ ಎನ್ನುತ್ತಾನೆ.

ನಮಗೊಂದು ಮಡಿ ಇದೆ. ಬಟ್ಟೆಯಿಂದ ಮೈಗೆ ಹತ್ತಿದ ಸ್ಥಿರವಿದ್ಯುತ್ತು ಕಂಪ್ಯೂಟರಿನ ಹಳೆಯ ಚಿಪ್‌ಗಳನ್ನು ಸುಡುತ್ತದೆ. ಅದಕ್ಕೇ ಯಂತ್ರ ಬಿಚ್ಚುವ ಮೊದಲು ಎಲ್ಲರೂ ಮೂಲೆಯ ಕಬ್ಬಿಣದ ನಲ್ಲಿಯನ್ನು ಮುಟ್ಟಿ ಬರಬೇಕು. ನಲ್ಲಿಯ ಮೇಲಿನ ಗೋಡೆಯಲ್ಲಿ ಇಸ್ಮಾಯಿಲ್ ಹಸಿರು ಬಣ್ಣದಲ್ಲಿ ದೊಡ್ಡದಾಗಿ ಬರೆದಿದ್ದಾನೆ: ಇದ್ದದ್ದು ಇದ್ದ ಹಾಗೆ. ಅದು ಸಾರಕ್ಕೆ ನಾವು ಕೊಟ್ಟ ಬೈಗುಳ.

ಗೋದಾಮಿನ ಜಂತಿಗಳಲ್ಲಿ ಇನ್ನೂ ಹತ್ತಿಯ ಧೂಳಿದೆ, ಜೊತೆಗೆ ಬೆಸುಗೆಯ ಹೊಗೆ. ನಮ್ಮ ಹಂಪಿಹೊಳಿ ಮನೆತನಕ್ಕೆ ಹೊಲವಿಲ್ಲ, ಗದ್ದೆಯಿಲ್ಲ, ದಮ್ಮಿನ ರೋಗ ಮಾತ್ರ ಇದೆ. ಅಪ್ಪನಿಂದ ಅಣ್ಣನಿಗೆ ದೊಡ್ಡ ಪಾಲು ಬಂತು, ನನಗೆ ಸಣ್ಣದು. ರವಿವಾರ ಸಂಜೆ ನಾನು ಮೆಟ್ಟಿಲು ಹತ್ತುವಾಗಲೇ ವೈನಿಗೆ ಗೊತ್ತಾಗುತ್ತದೆ. ಬಾಗಿಲಲ್ಲಿ ಔಷಧದ ಪಂಪು ಹಿಡಿದು ನಿಂತಿರುತ್ತಾಳೆ.

"ಬಂದ್ಯಾ, ಧೂಳು ತಿಂದು? ಮೊದಲು ಇದನ್ನ ಎಳಕೊ. ಅವರೊಬ್ಬರನ್ನ ಕಳಕೊಂಡದ್ದು ಸಾಲದೇನು ನನಗ?"

ಅಣ್ಣನಿಗೂ ಅವಳು ಹೀಗೇ ಮಾಡುತ್ತಿದ್ದಳು. ಮದುವೆಯಾದಂದಿನಿಂದ ಅವಳು ಪೂರ್ತಿ ನಿದ್ದೆ ಮಾಡಿದ್ದೇ ಇಲ್ಲ. ಒಂದು ಕಿವಿ ಅವನ ಎದೆಯ ಮೇಲೇ ಇರುತ್ತಿತ್ತು. ಸದ್ದು ತುಸು ಬಿಗಿಯಾದರೆ ಕಣ್ಣು ಬಿಡದೆಯೇ ಪಂಪು ತೆಗೆದು ಅವನ ಕೈಗಿಡುತ್ತಿದ್ದಳು. ಅವನು ಹೋದ ಮೇಲೆ ಇನ್ನಾದರೂ ನಿದ್ದೆ ಮಾಡುತ್ತಾಳೆ ಎಂದು ನಾನು ತಿಳಿದಿದ್ದೆ. ಇದ್ದ ನಿದ್ದೆಯೂ ಹೋಯಿತು.

ತಿಥಿಯಾದ ಕೆಲವು ದಿನಕ್ಕೆ ಅವಳೇ ಬಂದು ಕೇಳಿದಳು. "ಆ ಪೆಟ್ಟಿಗಿ ಬಿಚ್ಚಿದ್ರ ಅವರು ಸಿಗ್ತಾರೇನು?"

ಆ ಪೆಟ್ಟಿಗೆ ಅಂದರೆ ಪಡಸಾಲೆಯ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದ್ದ ಅಣ್ಣನ ಕಂಪ್ಯೂಟರು. ತೊಂಬತ್ತರ ದಶಕದಲ್ಲಿ ಅವನು ಇದೇ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಆಗ ಜನರಿಗೆ ಕಂಪ್ಯೂಟರ್ ಎಂದರೆ ಕರೆಂಟಿನ ಹಾವು. ದಿನಕ್ಕೆ ಮೂರು ತಂಡಕ್ಕೆ ಅದೇ ಪಾಠ ಹೇಳಲು ಎದೆ ಕೇಳದೆ, ಮೊದಲ ಪಾಠವನ್ನು ಕಂಪ್ಯೂಟರಿನಲ್ಲೇ ದನಿ ಹಿಡಿದಿಟ್ಟು ಅದರಿಂದಲೇ ಹೇಳಿಸುತ್ತಿದ್ದ. ಕ್ಲಾಸು ಮುಚ್ಚಿದ ಮೇಲೆ ಉಳಿದ ಯಂತ್ರ ಮಾರಿದ, ಅದೊಂದನ್ನು ಇಟ್ಟುಕೊಂಡ. ನಾನು ಬಳಗ ಸೇರಿದಂದಿನಿಂದ ಅದರ ಮೇಲೆ ಕಣ್ಣಿಟ್ಟಿದ್ದೆ. ವೈನಿ ಮುಟ್ಟಗೊಟ್ಟಿರಲಿಲ್ಲ. ಅವರು ಮುಚ್ಚಿಟ್ಟದ್ದು, ಹಾಗೇ ಇರಲಿ ಎನ್ನುತ್ತಿದ್ದಳು.

"ಆ ಪಾಠ ಹಿಡಿಯೂ ಮುಂದ ನಾ ಚಹಾ ತೊಗೊಂಡು ಹೋಗಿದ್ದೆ," ಎಂದಳು. "ನನಗ ಗೊತ್ತಿದ್ದಿಲ್ಲ, ಒಳಗ ನಡದದ ಅಂತ. ಅವರು ನಡಕ ನನ್ನ ಹೆಸರು ಹಿಡದು ಏನೋ ಅಂದ್ರು. ಆಮ್ಯಾಲೆ ಆ ಕ್ಲಾಸಿನ ಹುಡುಗ್ರೆಲ್ಲಾ ನನ್ನ ನೋಡಿದ ಕೂಡ್ಲೇ ನಗತಿದ್ದರು. ಅದು ಇನ್ನೂ ಅದರಾಗ ಇದ್ದೀತೇನು?"

ಆ ವಯಸ್ಸಿನಲ್ಲಿ ಅವಳ ಕೆನ್ನೆ ಕೆಂಪಾಯಿತು. ಇದ್ದರೆ ತೆಗೆದೇ ಕೊಡುತ್ತೇನೆ ಎಂದು ನಾನು ಮಾತು ಕೊಟ್ಟೆ. ವಿಜ್ಞಾನ ಓದಿದವರು ಮಾತು ಕೊಡಬಾರದು.

ಗೋದಾಮಿನಲ್ಲಿ ಯಂತ್ರದ ತಗಡು ಸರಿಸಿದಾಗ ಇಸ್ಮಾಯಿಲ್ ತುಟಿ ಕಚ್ಚಿದ. ಆ ಕಾಲದ ಬೋರ್ಡುಗಳಲ್ಲಿ ಗಡಿಯಾರ ನಡೆಸಲು ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಅದು ವಯಸ್ಸಾದಂತೆ ಒಡೆದು ಕಕ್ಕುತ್ತದೆ. ಅಣ್ಣನ ಬೋರ್ಡಿನ ಕಾಲುಭಾಗವನ್ನು ಹಸಿರು ಕಿಲುಬು ತಿಂದುಹಾಕಿತ್ತು.

"ಬೋರ್ಡ್ ಹೋಗೇತ್ರಿ ಅಕ್ಕಾರ. ಹೋಗ್ಲಿ. ದನಿ ಬೋರ್ಡಿನ್ಯಾಗ ಇರಾಂಗಿಲ್ಲ, ಡಿಸ್ಕಿನ್ಯಾಗ ಇರ್ತೈತಿ. ಡಿಸ್ಕ್ ಜೀವ ಐತೇನು ನೋಡೂಣು."

ಡಿಸ್ಕು ತಿರುಗಲಿಲ್ಲ. ಹಳೆಯ ಡಿಸ್ಕಿನಲ್ಲಿ ಓದುವ ಮುಳ್ಳು ಬಹಳ ಕಾಲ ಒಂದೇ ಕಡೆ ಕೂತರೆ ತಟ್ಟೆಗೆ ಅಂಟಿಕೊಳ್ಳುತ್ತದೆ. ಇಸ್ಮಾಯಿಲ್ ಅದನ್ನು ಬಟ್ಟೆಯಲ್ಲಿ ಸುತ್ತಿ ಮಧ್ಯಾಹ್ನದ ಬಿಸಿಲಲ್ಲಿಟ್ಟ. ಬೆಚ್ಚಗಾದ ಮೇಲೆ ಅಂಗೈ ಮೇಲಿಟ್ಟುಕೊಂಡು, ಬೀಗ ತೆಗೆಯುವವರ ಹಾಗೆ ಮಣಿಕಟ್ಟನ್ನು ಒಮ್ಮೆ ಚಕ್ಕನೆ ತಿರುವಿದ. ಒಳಗೆ ಏನೋ ಬಿಟ್ಟುಕೊಂಡಿತು. ಅವನು ಕಣ್ಣು ಮುಚ್ಚಿ ಏನೋ ಹೇಳಿಕೊಂಡ. ನಾನೂ ಮನಸ್ಸಿನಲ್ಲಿ ರಾಯರಿಗೆ ಒಂದು ತುಪ್ಪದ ದೀಪ ಹೇಳಿಕೊಂಡೆ. ಬಳಗದವರಿಗೆ ಇದು ಗೊತ್ತಾಗಬಾರದು.

ಆಮೇಲೆ ಭಾಗಗಳ ಬೇಟೆ. ಅದೇ ಕಾಲದ ಬೋರ್ಡು ನಮ್ಮಲ್ಲೇ ಒಂದು ಸತ್ತ ಯಂತ್ರದಲ್ಲಿತ್ತು. ದನಿ ಹೊರಡಿಸುವ ಸೌಂಡ್ ಕಾರ್ಡಿಗೂ ಕಿಲುಬು ಹತ್ತಿತ್ತು, ಬೇರೆಯದು ಎಲ್ಲೂ ಇರಲಿಲ್ಲ. ಇಸ್ಮಾಯಿಲ್ ಹುಬ್ಬಳ್ಳಿಯ ಗುಜರಿಗಳನ್ನೆಲ್ಲ ಜಾಲಾಡಿದ. ಕೊನೆಗೆ ಗದಗದಲ್ಲಿ ಮುಚ್ಚಿದ ಪ್ರಿಂಟಿಂಗ್ ಪ್ರೆಸ್ಸೊಂದರ ಅಟ್ಟದಲ್ಲಿ, ಲಗ್ನಪತ್ರಿಕೆ ಕಂಪೋಸ್ ಮಾಡುತ್ತಿದ್ದ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಸಿಕ್ಕಿತು. ಅದನ್ನು ಅವನು ರುಮಾಲಿನಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ.

ಎಲ್ಲ ಜೋಡಿಸಿ ಕರೆಂಟು ಕೊಟ್ಟಾಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದವು. ಡಿಸ್ಕಿನಲ್ಲಿ ಅಣ್ಣನ ಪಾಠ ಇತ್ತು. ಹಾಕಿದೆವು.

ಮೊದಲು ಹಿಸ್ಸ್ ಎಂಬ ಸದ್ದು. ಅದರ ಹಿಂದಿನಿಂದ ಅಣ್ಣ. "ನಮಸ್ಕಾರ. ಇದು ಮೊದಲನೇ ಪಾಠ." ನಾನು ಕುರ್ಚಿ ಹಿಡಿದುಕೊಂಡೆ. ಇಸ್ಮಾಯಿಲ್ ಮಾತ್ರ ಮಾತು ಕೇಳುತ್ತಿರಲಿಲ್ಲ. ಅವನ ಕಿವಿ ಆ ಹಿಸ್ಸಿನ ಮೇಲಿತ್ತು. ಅದು ಒಂದೇ ಸಮ ಇರಲಿಲ್ಲ. ಏರುತ್ತಿತ್ತು, ಇಳಿಯುತ್ತಿತ್ತು, ಮಾತು ನಿಂತಲ್ಲಿ ಹೆಚ್ಚುತ್ತಿತ್ತು.

"ಕೆಪಾಸಿಟರ್ ಒಣಗ್ಯಾವ್ರಿ," ಎಂದ. "ಕರೆಂಟ್ ಏರೂದು ಇಳಿಯೂದು ದನಿಯಾಗ ಬರಾಕ ಹತ್ತೇತಿ. ಕೇಳ್ರಿ, ಹೆಂಗ ಹೊಯ್ದಾಡತೈತಿ."

ನಾನು ಕೇಳಿದೆ. ಭೌತಶಾಸ್ತ್ರದ ಟೀಚರು, ತಲೆಯಾಡಿಸಿದೆ. ಮಾತಿನ ನಡುವೆ ಸದ್ದು ಹೆಚ್ಚಾಗುವುದಕ್ಕೆ ಒಂದು ಕಾರಣವನ್ನೂ ಕೊಟ್ಟೆ. ಮಾತಿಲ್ಲದಾಗ ಕಾರ್ಡು ತಾನಾಗಿ ದನಿ ಏರಿಸುತ್ತದೆ, ಆಗ ಒಳಗಿನ ಗದ್ದಲ ಎದ್ದು ಕೇಳುತ್ತದೆ ಎಂದೆ. ಬಹಳ ಸರಿಯಾದ ಕಾರಣದಂತೆ ಕೇಳಿಸಿತು.

ಕೆಪಾಸಿಟರು ಬದಲಿಸಿದೆವು. ಸದ್ದು ಹೋಗಲಿಲ್ಲ. ಕರೆಂಟಿನ ಡಬ್ಬಿ ಬದಲಿಸಿದೆವು, ಹೋಗಲಿಲ್ಲ. ತಂತಿಗೆ ತಾಮ್ರದ ಜಾಳಿಗೆ ಸುತ್ತಿದೆವು. ಪ್ರತಿ ರವಿವಾರ ಹೀಗೇ. ಇಸ್ಮಾಯಿಲನಿಗೆ ಹಟ ಹತ್ತಿತು. ಗದಗದಿಂದ ತಂದ ತನ್ನ ಕಾರ್ಡು ಗದ್ದಲ ಮಾಡುತ್ತದೆ ಎಂಬುದು ಅವನಿಗೆ ಮರ್ಯಾದೆಯ ಪ್ರಶ್ನೆ. ನನಗೂ ಅಷ್ಟೇ. ವೈನಿಯ ಮುಂದೆ ಇಂಥ ಕೊಳಕು ದನಿ ಇಡುವುದು ಹೇಗೆ?

"ಎಲ್ಲಿಗೆ ಬಂತು?" ಎಂದು ಮನೆಯಲ್ಲಿ ಅವಳು ದಿನವೂ ಕೇಳುತ್ತಿದ್ದಳು.

"ಬಂದದ. ಸ್ವಲ್ಪ ಸ್ವಚ್ಛ ಮಾಡೂದದ."

"ನನ್ನ ಹೆಸರು?"

"ಅದೂ ಅದ. ಈಗಽ ಹೇಳೂದಿಲ್ಲ, ಬಂದು ಕೇಳು."

ಅವಳು ನಗುತ್ತಿದ್ದಳು. ಎಷ್ಟೋ ಕಾಲದ ಮೇಲೆ ಅವಳು ಸಂಜೆ ತಲೆ ಬಾಚಿ ಹೂ ಕಟ್ಟಿ ದೇವರಿಗೆ ಏರಿಸತೊಡಗಿದ್ದಳು. ಅದನ್ನು ನೋಡಿದಾಗೆಲ್ಲ ಬೇಗ ಮುಗಿಸಬೇಕು, ಚೆನ್ನಾಗಿ ಮುಗಿಸಬೇಕು ಎಂದು ನನಗೆ ಅವಸರವಾಗುತ್ತಿತ್ತು.

ಅಷ್ಟರಲ್ಲಿ ಡಿಸ್ಕು ಕೈ ಕೊಡತೊಡಗಿತು. ತಿರುಗುವಾಗ ಟಿಕ್ ಟಿಕ್ ಎನ್ನುತ್ತಿತ್ತು. ನಮ್ಮ ಬಳಗದಲ್ಲಿ ಈ ಸದ್ದು ಕೇಳಿದರೆ ಎಲ್ಲರೂ ಎದ್ದು ಬರುತ್ತಾರೆ, ಕೊನೆಯುಸಿರಿನವರ ಮನೆಗೆ ಬಂದಂತೆ. ಕಡತವನ್ನು ಬೇರೆ ಡಿಸ್ಕಿಗೆ ನಕಲು ಮಾಡಲು ನೋಡಿದೆವು. ಕೆಟ್ಟ ಜಾಗ ಬಂದಲ್ಲಿ ನಕಲು ನಿಂತುಬಿಡುತ್ತಿತ್ತು. ಹಾಡಿಸಿದರೆ ಮಾತ್ರ ಒಂದು ಕ್ಷಣ ತೊದಲಿ ಮುಂದೆ ಸಾಗುತ್ತಿತ್ತು. ಇಂದಿನ ಯಾವ ಯಂತ್ರದಲ್ಲಿ ದನಿ ಹಿಡಿದರೂ ಅದು ಸಾರಕ್ಕೇ ಹೋಗುತ್ತದೆ. ಉಳಿದದ್ದು ಒಂದೇ ದಾರಿ. ಇಸ್ಮಾಯಿಲನ ಬಳಿ ಹಳೆಯ ಟೇಪ್ ರೆಕಾರ್ಡರ್ ಇತ್ತು, ಒಂದು ಹೊಸ ಕ್ಯಾಸೆಟ್ಟನ್ನೂ ಯಾವುದೋ ಒಳ್ಳೆಯ ದಿನಕ್ಕೆಂದು ಇಟ್ಟುಕೊಂಡಿದ್ದ. ಪಾಠವನ್ನು ಪೂರ್ತಿ ಒಮ್ಮೆ ಹಾಡಿಸಿ, ಹಾಡುವಾಗಲೇ ಟೇಪಿಗೆ ಇಳಿಸಬೇಕು.

"ಒಂದಽ ಸಲ ನಡದೀತು ನೋಡ್ರಿ," ಎಂದ. "ಆ ಒಂದು ಸಲ ಛಂದ ಬರ್ಲಿ."

ಛಂದ ಬರಲೆಂದು ಅವನು ಕಾರ್ಡಿಗೂ ಟೇಪಿಗೂ ನಡುವೆ ಒಂದು ಸೋಸುವ ಸರ್ಕಿಟ್ ಇಟ್ಟ. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಮಾತು ನಿಂತಾಗ ದನಿಯನ್ನು ಪೂರ್ತಿ ಮುಚ್ಚುವ ಒಂದು ಚಿಪ್. ಯಾವ ಸದ್ದನ್ನು ಕತ್ತರಿಸಬೇಕೆಂದು ಲೆಕ್ಕ ಹಾಕಿ ಕೊಟ್ಟವಳು ನಾನು.

ಡಿಸ್ಕು ಟಿಕ್ ಟಿಕ್ ಎನ್ನುತ್ತ ಪಾಠ ಹೇಳಿತು. ನಾವು ದನಿ ಅಳೆಯುವ ಮೀಟರಿನ ಮುಳ್ಳು ನೋಡುತ್ತ ಕೂತೆವು. ಮಾತು ಬಂದಾಗ ಮುಳ್ಳು ಏರಿತು, ಮಾತು ನಿಂತಾಗ ಸೊನ್ನೆಗೆ ಬಿತ್ತು. ಒಂದಿಷ್ಟೂ ಅಲುಗಲಿಲ್ಲ. ಇಸ್ಮಾಯಿಲ್ ಖುಷಿಯಿಂದ ನನ್ನ ಕಡೆ ಹೆಬ್ಬೆರಳು ಎತ್ತಿದ. ಪಾಠ ಮುಗಿದ ಸ್ವಲ್ಪ ಹೊತ್ತಿಗೆ ಡಿಸ್ಕಿನೊಳಗೆ ತಗಡು ಕೆರೆದಂತೆ ಸದ್ದಾಗಿ ನಿಂತಿತು. ಬಿಚ್ಚಿ ನೋಡಿದಾಗ ಓದುವ ಮುಳ್ಳು ತಟ್ಟೆಯನ್ನು ಕೆರೆದು ಕಪ್ಪು ಪುಡಿ ಮಾಡಿತ್ತು. ನಮಗೆ ಬೇಸರವಾಗಲಿಲ್ಲ. ಕೆಲಸ ಮುಗಿಸಿ ಸತ್ತಿತು, ಪುಣ್ಯಾತ್ಮ ಎಂದೆವು.

ವೈನಿ ಮುಂದಿನ ರವಿವಾರ ಗೋದಾಮಿಗೆ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು. ಎಲ್ಲರಿಗೂ ಸಾಲುವಷ್ಟು ಒಗ್ಗರಣೆ ಚುರಮುರಿ ಡಬ್ಬಿಯಲ್ಲಿ ತಂದಿದ್ದಳು. ನನ್ನಿಂದ ಕೇಳಿದ್ದನ್ನು ನೆನಪಿಟ್ಟುಕೊಂಡು, ಯಾರೂ ಹೇಳದಿದ್ದರೂ ಮೊದಲು ಹೋಗಿ ನಲ್ಲಿಯನ್ನು ಮುಟ್ಟಿ ಬಂದಳು. ಟೇಪಿಗೆ ಅದರ ಅಗತ್ಯವಿಲ್ಲ ಎಂದು ಹೇಳಲು ಯಾರಿಗೂ ಮನಸ್ಸಾಗಲಿಲ್ಲ. ಇಸ್ಮಾಯಿಲ್ ತನ್ನ ಒಳ್ಳೆಯ ಕುರ್ಚಿ ಒರೆಸಿ ಕೊಟ್ಟ.

ಟೇಪು ಹಾಕಿದ.

"ನಮಸ್ಕಾರ. ಇದು ಮೊದಲನೇ ಪಾಠ." ಮೌನ. "ಯಾರೂ ಹೆದರಬ್ಯಾಡ್ರಿ. ಕಂಪ್ಯೂಟರ್ ಕಡಿಯಂಗಿಲ್ಲ." ಮೌನ. "ನಿಮ್ಮ ಮುಂದ ಇರೂದು ಕೀಬೋರ್ಡ್."

ಎಂಥ ಸ್ವಚ್ಛ ದನಿ! ಅವನು ಈಗಷ್ಟೇ ಬಂದು ಪಕ್ಕದಲ್ಲಿ ಕೂತಂತಿತ್ತು. ನಾನು ವೈನಿಯ ಮುಖ ನೋಡುತ್ತಿದ್ದೆ. ಮೊದಲ ಮಾತಿಗೆ ಅವಳು ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತಳು. ಆಮೇಲೆ ಒಂದೊಂದು ಮೌನಕ್ಕೂ ಅವಳು ಟೇಪಿನ ಕಡೆ ತುಸು ತುಸು ಬಾಗತೊಡಗಿದಳು. ಮಾತು ಬಂದಾಗ ಹಿಂದೆ ಸರಿಯುವಳು. ಮಾತು ನಿಂತಾಗ ಮತ್ತೆ ಬಾಗುವಳು. ಅವಳು ಮಾತು ಕೇಳುತ್ತಿರಲಿಲ್ಲ. ಅವುಗಳ ನಡುವೆ ಏನನ್ನೋ ಹುಡುಕುತ್ತಿದ್ದಳು.

"ಚಹಾ ಅಲ್ಲೇ ಇಡು ಮಂದಾ. ನೀ ಕುಡದೀ?"

ಬಳಗದವರು ನಕ್ಕರು. ವೈನಿ ನಗಲಿಲ್ಲ. ಕೈ ಎತ್ತಿದಳು. ಇಸ್ಮಾಯಿಲ್ ಟೇಪು ನಿಲ್ಲಿಸಿದ.

"ಉಸಿರು ಎಲ್ಲಿ?" ಎಂದಳು.

ಇಸ್ಮಾಯಿಲ್ ಟೇಪಿನ ತಂತಿ ಮುಟ್ಟಿ ನೋಡಿದ.

"ಅವರ ಎದಿ ಸುಂಯ್ ಅನ್ನತಿತ್ತಲ್ಲಾ. ಎರಡು ಮಾತಾಡಿದ್ರ ಸಾಕು, ಎಳೀತಿದ್ದರು. ಅವತ್ತಂತೂ ಭಾಳ ಇತ್ತು, ಅದಕ್ಕಽ ನಾ ಚಹಾದಾಗ ಶುಂಠಿ ಹಾಕಿದ್ದೆ. ವತ್ಸಲಾ, ಈಗ ತಿಳೀತು ನೋಡು ನನಗ. ಆ ಗೋಡಿಯೊಳಗಿನ ದನಿಯಾಗೂ ಇದಽ ಇದ್ದಿಲ್ಲ. ಉಸಿರು ಇಲ್ಲ ಇದಕ್ಕ."

ಆ ಹಿಸ್ಸು. ಏರುತ್ತ ಇಳಿಯುತ್ತ, ಮಾತು ನಿಂತಲ್ಲಿ ಹೆಚ್ಚುತ್ತಿದ್ದ ಹಿಸ್ಸು. ಕಾರ್ಡಿನದಲ್ಲ, ಕೆಪಾಸಿಟರಿನದಲ್ಲ. ಅದು ನನ್ನ ಅಣ್ಣನ ಎದೆ. ಅಪ್ಪನ ಎದೆ, ನನ್ನ ಎದೆ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಕೇಳಿದ ಸದ್ದನ್ನು ನಾನು ಗದ್ದಲ ಎಂದು ಲೆಕ್ಕ ಹಾಕಿ ಕತ್ತರಿಸಿ ಕೊಟ್ಟಿದ್ದೆ.

ಇಸ್ಮಾಯಿಲನಿಗೂ ಅದೇ ಗಳಿಗೆಯಲ್ಲಿ ಗೊತ್ತಾಯಿತು. ಅವನು ಮೇಜಿನ ಮೇಲಿದ್ದ ಸೋಸುವ ಸರ್ಕಿಟ್ಟನ್ನು ಎತ್ತಿಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

"ತಾಯೀ," ಎಂದ. "ಇತ್ತರೀ ಅದು. ನನ್ನ ಕಿವಿಯಾರೆ ಕೇಳೀನಿ. ನಾನು ಮಷೀನಿನ ಖರಾಬ್ ಸದ್ದು ಅಂತ ತಿಳಕೊಂಡು..."

"ತಿರುಗಿ ಹಾಕಲಿಕ್ಕೆ ಬರ್ತದೇನು?" ಎಂದು ವೈನಿ ನನ್ನನ್ನು ಕೇಳಿದಳು. ನಾನು ಟೀಚರು, ಎಲ್ಲ ಬರುತ್ತದೆ ಎಂದು ಅವಳ ನಂಬಿಕೆ.

"ಇಲ್ಲ ವೈನಿ. ಸೋಸಿ ಚೆಲ್ಲಿಬಿಟ್ಟೇವಿ. ಡಿಸ್ಕೂ ಹೋತು."

ಅವಳು ಡಬ್ಬಿಯ ಮುಚ್ಚಳ ತೆಗೆದಳು. "ಇರ್ಲಿ ಬಿಡ್ರಿ. ಹೆಸರು ಹಿಡದು ಕರದಾರಲ್ಲ, ಅಷ್ಟಽ ಸಾಕು. ಚುರಮುರಿ ಮೆತ್ತಗಾಗ್ತಾವ, ತಿನ್ರಿ." ಎಲ್ಲರ ಕೈಗೂ ಬಡಿಸಿದಳು. ಇಸ್ಮಾಯಿಲನಿಗೆ ಎರಡು ಸಲ ಬಡಿಸಿದಳು. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ನಾನು ತಿನ್ನಲಾರದೆ ಕಾಗದದ ಪೊಟ್ಟಣ ಹಿಡಿದು ಕೂತೆ. ಗೋಡೆಯ ಹಸಿರು ಅಕ್ಷರಗಳ ಕಡೆ ಯಾರೂ ನೋಡಲಿಲ್ಲ.

ಸಾರವನ್ನು ನಾವು ಏನೆಲ್ಲ ಬೈದಿದ್ದೆವು! ಸಾರಕ್ಕಾದರೂ ಒಂದು ನೆಪವಿತ್ತು, ಜಾಗ ಉಳಿಸಬೇಕಿತ್ತು. ಅದಕ್ಕೆ ನನ್ನ ಅಣ್ಣ ಯಾರೋ ಏನೋ. ನಾವು ಪ್ರೀತಿಯಿಂದ ಮಾಡಿದೆವು, ರವಿವಾರ ರವಿವಾರ ಕೂತು, ಕಣ್ಣು ನೋಯಿಸಿಕೊಂಡು ಮಾಡಿದೆವು. ಕೆಟ್ಟದ್ದನ್ನು ಸರಿ ಮಾಡುವ ಚಟ ಹತ್ತಿದವರಿಗೆ ಎಲ್ಲವೂ ಕೆಟ್ಟಂತೆಯೇ ಕಾಣುತ್ತದೆಯೋ ಏನೋ.

ಇಸ್ಮಾಯಿಲ್ ಎರಡು ರವಿವಾರ ಬರಲಿಲ್ಲ. ನಾನು ಮೂರನೆಯದಕ್ಕೆ ಅವನ ಮನೆಗೆ ಹೋಗಿ ಕರೆದುಕೊಂಡು ಬಂದೆ. ಇಬ್ಬರೂ ಏನನ್ನೂ ರಿಪೇರಿ ಮಾಡಲಿಲ್ಲ. ಗೋದಾಮು ಗುಡಿಸಿದೆವು. ಯಾವತ್ತೂ ಮುಟ್ಟದ ಜಂತಿಯ ಹತ್ತಿ ಧೂಳನ್ನೂ ಅವನು ಏಣಿ ಹಾಕಿ ಕೆಡವಿದ. ನಾನು ಕೆಳಗೆ ಬುಟ್ಟಿ ಹಿಡಿದು ನಿಂತಿದ್ದೆ. ಮೂಗಿಗೆ ಸೆರಗು ಕಟ್ಟಿಕೊಳ್ಳಬೇಕೆಂದು ಅನ್ನಿಸಲೂ ಇಲ್ಲ.

ಮನೆಗೆ ಬರುವಾಗ ಮೂರು ಗಂಟೆಯ ಬಿಸಿಲು. ಎದೆ ಆಗಲೇ ಬಿಗಿದಿತ್ತು. ಬಾಗಿಲಲ್ಲಿ ವೈನಿ ಇರಲಿಲ್ಲ. ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ದೀಪಕ್ಕೆ ಹೂಬತ್ತಿ ಹೊಸೆಯುತ್ತಿದ್ದಳು. ಪಂಪು ಅವಳ ಪಕ್ಕದ ಕಿಟಕಿಯ ಕಟ್ಟೆಯ ಮೇಲಿತ್ತು. ನಾನು ಎದುರಿನ ಆರಾಮ ಕುರ್ಚಿಯಲ್ಲಿ ಕುಸಿದೆ. ಮಾತಾಡಲು ಉಸಿರಿರಲಿಲ್ಲ. ಒಳಗೆಳೆದಾಗ ಸಣ್ಣಗೆ, ಹೊರಬಿಟ್ಟಾಗ ಉದ್ದವಾಗಿ, ನನ್ನ ಎದೆ ಸುಂಯ್ ಎನ್ನುತ್ತಿತ್ತು.

ಬತ್ತಿ ಹೊಸೆಯುವ ಅವಳ ಕೈ ನಿಧಾನವಾಯಿತು. ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಅವಳ ಭುಜ ಇಳಿಯಿತು, ಹಣೆಯ ಗಂಟು ಸಡಿಲವಾಯಿತು, ಅರೆತೆರೆದ ಬಾಯಿಂದ ಉಸಿರು ಸಮವಾಗಿ ಬರತೊಡಗಿತು. ವೈನಿ ನಿದ್ದೆ ಮಾಡುತ್ತಿದ್ದಳು. ಅಣ್ಣ ಹೋದ ಮೇಲೆ ಅವಳು ಹೀಗೆ ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಎಷ್ಟು ಹೊತ್ತು ಹಾಗೇ ಕೂತೆನೋ. ಎದೆಯ ಮೇಲೆ ಯಾರೋ ಕೂತಂತಾಗಿ, ತಡೆಯಲಾರದೆ ಕಿಟಕಿಯ ಕಟ್ಟೆಯ ಕಡೆ ಕೈ ಚಾಚಿದೆ. ಕುರ್ಚಿ ಕಿರುಗುಟ್ಟಿತು. ಅವಳ ಕೈ, ಅಷ್ಟು ವರ್ಷದ ರೂಢಿಯಂತೆ, ಕಣ್ಣು ಬಿಡುವ ಮೊದಲೇ ಪಂಪನ್ನು ಎತ್ತಿಕೊಂಡಿತು. ಆದರೆ ನನಗೆ ಕೊಡಲಿಲ್ಲ. ಮುಷ್ಟಿಯಲ್ಲಿ ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು. ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಈಗಽ ಬ್ಯಾಡ ವತ್ಸಲಾ," ಎಂದಳು. "ತುಸು ತಡದು ತೊಗೋ."

ನಾನು ಚಾಚಿದ ಕೈ ಹಿಂದೆ ತೆಗೆದುಕೊಂಡು, ಕುರ್ಚಿಗೆ ಒರಗಿ, ಅವಳಿಗೆ ಕೇಳುವ ಹಾಗೆ ಉಸಿರಾಡಿದೆ.